ಗೃಹಾರೋಗ್ಯ: ಬೀಜದೋಷವೂ ಪಥ್ಯವೂ

ಪ್ರಮೇಹವು ಎರಡು ವಿಧವೆಂದು ಸುಶ್ರುತ ಸಂಹಿತೆಯು ಹೇಳುತ್ತದೆ: ತಾಯಿತಂದೆಗಳ ಬೀಜದೋಷದಿಂದ ಬಂದುದು ಸಹಜ, ಅಹಿತವಾದ ಆಹಾರದಿಂದ ಬಂದುದು ಅಪಥ್ಯನಿಮಿತ್ತ. ಇದನ್ನು ಓದಿ ಬಲ್ಲ ನಾನೇ ಬೀಜದೋಷವನ್ನು ಮರೆಮಾಚಲು ಹೊರಟಿದ್ದೆನು.

ನನ್ನ ಕಿರಿಯ ಮಗಳಿಗೆ ಋತುಸ್ರಾವವು ಎರಡು ಮೂರು ತಿಂಗಳಿಗೊಮ್ಮೆ ಆಗುತ್ತಿದ್ದಿತು. ಗಲ್ಲದಲ್ಲಿ ರೋಮವೂ ತೋರಿತು. ವೈದ್ಯರು ಪರೀಕ್ಷಿಸಿ, ಇದು ಪಿ.ಸಿ.ಓ.ಎಸ್. ಎಂದು ತಿಳಿಸಿ, "ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆಯುಂಟೆ?" ಎಂದು ಕೇಳಿದರು. ನನಗೆ ಹತ್ತು ವರ್ಷಗಳಿಂದ ಇದೆ. ನನ್ನ ತಾಯಿಗೂ ಇದ್ದಿತು. ಆದರೆ ವರಾನ್ವೇಷಣೆಯ ಕಾಲದಲ್ಲಿ ಈ ಮಾತು ಹೊರಬೀಳಬಾರದೆಂದು ಸುಮ್ಮನಿದ್ದೆನು. ಮಗಳೇ, "ಅಪ್ಪನಿಗಿದೆ, ಅಜ್ಜಿಗೂ ಇತ್ತು" ಎಂದಳು.

1935ರಲ್ಲಿ ಷಿಕಾಗೋ ನಗರದ ಸ್ಟೈನ್, ಲೆವೆಂಥಾಲ್ ಎಂಬ ವೈದ್ಯರು ಈ ವ್ಯಾಧಿಯನ್ನು ವರ್ಣಿಸಿದಾಗ ಇದು ಅಂಡಾಶಯದ್ದೆಂದೇ ತೋರಿದ್ದಿತು. ಅನೇಕರಲ್ಲಿ ದೇಹವು ಇನ್ಸುಲಿನ್ನಿಗೆ ಸರಿಯಾಗಿ ಮಣಿಯದೆಂದು ಈಗ ತಿಳಿದಿದೆ. ಆದುದರಿಂದ ಇನ್ಸುಲಿನ್ ಅಧಿಕವಾಗಿ ಉತ್ಪತ್ತಿಯಾಗಿ, ಅಂಡಾಶಯದಲ್ಲಿ ಪುರುಷ ಹಾರ್ಮೋನುಗಳನ್ನು ಹೆಚ್ಚಿಸಿ, ಋತುಕ್ರಮವನ್ನು ಕೆಡಿಸುತ್ತದೆ. ಕೃಶಾಂಗಿಯರೂ ಇದಕ್ಕೆ ಹೊರತಲ್ಲ. ಮನೆತನದಲ್ಲಿ ಮಧುಮೇಹವಿದ್ದರೆ ಅಪಾಯವು ಇನ್ನೂ ಹೆಚ್ಚು.

2023ರ ಅಂತರರಾಷ್ಟ್ರೀಯ ಮಾರ್ಗಸೂಚಿಯು, ವ್ಯಾಧಿಯು ಗೊತ್ತಾದೊಡನೆಯೂ ಆಮೇಲೆ 1ರಿಂದ 3 ವರ್ಷಗಳಿಗೊಮ್ಮೆಯೂ ಸಕ್ಕರೆಯ ಪರೀಕ್ಷೆಯಾಗಬೇಕೆನ್ನುತ್ತದೆ. 75 ಗ್ರಾಂ ಗ್ಲೂಕೋಸ್ ಕುಡಿಸಿ 2 ಗಂಟೆಯ ಬಳಿಕ ರಕ್ತವನ್ನು ನೋಡುವುದು ಉತ್ತಮ. ಮಗಳಿಗೆ ಬರಿಹೊಟ್ಟೆಯ ಲೆಕ್ಕವು ಸರಿಯಾಗಿದ್ದಿತು. 2 ಗಂಟೆಯದು 158. ಅದು 140ಕ್ಕಿಂತ ಕಡಮೆಯಿರಬೇಕು. ಇದು ಮಧುಮೇಹವಲ್ಲ, ಅದರ ಹೊಸ್ತಿಲು.

ಈಗ ನಾವಿಬ್ಬರೂ ಸಂಜೆ ಜೊತೆಯಾಗಿ ನಡೆಯುತ್ತೇವೆ; ಎಲೆಯಲ್ಲಿ ಅನ್ನ ಕಡಮೆ, ಪಲ್ಯ ಕಾಳುಗಳು ಹೆಚ್ಚು. ವಾಚಕರೇ, ಬೀಜವನ್ನು ಬದಲಿಸಲಾಗದು; ಪಥ್ಯವು ನಮ್ಮ ಕೈಯಲ್ಲಿದೆ. ವೈದ್ಯರು ಕೇಳಿದಾಗ ತಂದೆಯ ಕಡೆಯದನ್ನೂ ಮುಚ್ಚದೆ ಹೇಳಿರಿ.