ಸರ್ಕಾರಿ ವಕೀಲರ ಪಟ್ಟಿ ಪಕ್ಷದ ಕಚೇರಿಯಲ್ಲಿ ತಯಾರಾಗಬಾರದು



ನಿಗಮ, ಮಂಡಳಿಗಳ ಅಧ್ಯಕ್ಷಗಿರಿ ಬೆಂಬಲಿಗರ ಪಾಲಾದರೆ ಊರೆಲ್ಲ ಮಾತಾಡುತ್ತದೆ. ನಗರದ ಸಿವಿಲ್ ಮತ್ತು ಸೆಷನ್ಸ್ ಕೋರ್ಟುಗಳಿಗೆ ಸರ್ಕಾರಿ ವಕೀಲರನ್ನು ನೇಮಿಸುವಾಗ ನಡೆಯುವ ಹಂಚಿಕೆಯನ್ನು ಮಾತ್ರ ಯಾರೂ ಕೇಳುವುದಿಲ್ಲ. ಸರ್ಕಾರ ಬದಲಾಯಿತೆಂದರೆ ಹಳಬರ ನೇಮಕ ರದ್ದಾಗಿ ಹೊಸ ಪಟ್ಟಿ ಬರುತ್ತದೆ. ಆಗ ವಕೀಲರ ನಡುವೆ ‘ಯಾರ ಲೆಟರ್ ಹಾಕಿಸಿದ್ರಿ?’ ಎಂಬ ಪ್ರಶ್ನೆ ಓಡಾಡುತ್ತದೆ. ಎಷ್ಟು ಕೇಸು ನಡೆಸಿದ್ದೀರಿ ಎಂದು ಕೇಳಿದವರನ್ನು ನಾನು ಕಾಣಲಿಲ್ಲ.

ಸಿಟಿ ಸಿವಿಲ್ ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದವನು ನಾನು. ಸರ್ಕಾರಿ ಜಮೀನು ಹೇಗೆ ಕೈತಪ್ಪುತ್ತದೆ ಎಂಬುದನ್ನು ಆರ್ಡರ್ ಶೀಟ್ ಬರೆಯುತ್ತಲೇ ನೋಡಿದ್ದೇನೆ. ಗೋಮಾಳದ ತುಂಡೊಂದು ತನ್ನದೆಂದು ಯಾರೋ ದಾವೆ ಹೂಡುತ್ತಾರೆ. ಸರ್ಕಾರಿ ವಕೀಲರು ಹಾಜರಾಗಿ ಸಮಯ ಕೇಳುತ್ತಾರೆ. ತಹಶೀಲ್ದಾರರಿಂದ ಕಂಡಿಕೆವಾರು ಷರಾ ಬಂದಿಲ್ಲ ಎನ್ನುತ್ತಾರೆ; ತಾಲ್ಲೂಕು ಕಚೇರಿಯ ವಿಷಯ ನಿರ್ವಾಹಕರು ಕಳಿಸಿ ತಿಂಗಳಾಯಿತು ಎನ್ನುತ್ತಾರೆ. ಲಿಖಿತ ಹೇಳಿಕೆಗೆ ಕಾನೂನು ಕೊಟ್ಟಿರುವುದು 30 ದಿನ, ಹೆಚ್ಚೆಂದರೆ 90. ಅದೂ ಮುಗಿಯುತ್ತದೆ. ಹಳೆಯ ಪಹಣಿಯಾಗಲಿ ಸರ್ವೆ ನಕ್ಷೆಯಾಗಲಿ ಕೋರ್ಟಿನ ಮುಂದೆ ಬರುವುದೇ ಇಲ್ಲ. ವಾದಿ ಸಾಕ್ಷಿ ಹೇಳುವ ದಿನ ಪಾಟೀ ಸವಾಲಿಗೆ ಸರ್ಕಾರದ ಪರ ಯಾರೂ ಇರುವುದಿಲ್ಲ. ಮೂರು ಸಲ ಕೂಗಿಸಿ, ‘ಕ್ರಾಸ್ ನಿಲ್’ ಎಂದು ಬರೆಯುತ್ತಿದ್ದೆವು. ಡಿಕ್ರಿಯಾದ ಮೇಲೂ ಅಷ್ಟೇ, ಮೇಲ್ಮನವಿಯ ಅವಧಿ ಕಳೆಯುವ ತನಕ ತೀರ್ಪಿನ ನಕಲಿಗೆ ಅರ್ಜಿ ಬೀಳುವುದಿಲ್ಲ.

ಇದರಲ್ಲಿ ಅಸಡ್ಡೆ ಎಷ್ಟು, ಶಾಮೀಲು ಎಷ್ಟು ಎಂದು ಬಿಡಿಸಿ ಹೇಳಲು ಯಾರಿಂದಲೂ ಆಗದು. ಶಾಮೀಲಾದವರಿಗೆ ಅದೇ ರಕ್ಷಣೆ. ಬೆಂಗಳೂರಿನ ಸುತ್ತಮುತ್ತಲಿನ ಭೂ ಒತ್ತುವರಿ ಎಷ್ಟೆಂಬುದನ್ನು ಎ.ಟಿ. ರಾಮಸ್ವಾಮಿ ನೇತೃತ್ವದ ಸದನ ಸಮಿತಿಯೂ ಆಮೇಲೆ ವಿ. ಬಾಲಸುಬ್ರಮಣಿಯನ್ ಕಾರ್ಯಪಡೆಯೂ ತೋರಿಸಿಕೊಟ್ಟಿವೆ. ಆ ಜಮೀನು ಉಳಿಯುವುದೋ ಹೋಗುವುದೋ ಕೊನೆಗೆ ತೀರ್ಮಾನವಾಗುವುದು ಕೋರ್ಟಿನಲ್ಲಿ. ಅಲ್ಲಿ ಜನರ ಪರವಾಗಿ ನಿಲ್ಲಬೇಕಾದವರನ್ನು ಶಾಸಕರ ಶಿಫಾರಸು ಪತ್ರ ನೋಡಿ ಆರಿಸುತ್ತೇವೆ!

ಕಾನೂನು ಹೀಗೆ ಮಾಡಿ ಎಂದು ಎಲ್ಲೂ ಹೇಳಿಲ್ಲ. ಜಿಲ್ಲೆಯ ಪಬ್ಲಿಕ್ ಪ್ರಾಸಿಕ್ಯೂಟರ್ ಹುದ್ದೆಗೆ ಜಿಲ್ಲಾ ಮ್ಯಾಜಿಸ್ಟ್ರೇಟರು ಸೆಷನ್ಸ್ ನ್ಯಾಯಾಧೀಶರೊಡನೆ ಸಮಾಲೋಚಿಸಿ ಅರ್ಹರ ಪಟ್ಟಿ ಮಾಡಬೇಕು, ಕನಿಷ್ಠ 7 ವರ್ಷ ವಕೀಲಿ ಮಾಡಿರಬೇಕು ಎಂದು ದಂಡ ಪ್ರಕ್ರಿಯಾ ಸಂಹಿತೆಯ 24ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 18ನೇ ಕಲಮೂ ಅದನ್ನೇ ಹೇಳುತ್ತದೆ. ನ್ಯಾಯಾಧೀಶರ ಅಭಿಪ್ರಾಯ ಕೇಳಲು ಕಾರಣವಿದೆ: ಯಾವ ವಕೀಲರು ಓದಿಕೊಂಡು ಬರುತ್ತಾರೆ, ಯಾರು ಬರೀ ಮುಂದೂಡಿಕೆ ಕೇಳುತ್ತಾರೆ ಎಂಬುದು ಅವರಿಗೆ ದಿನವೂ ಕಾಣುತ್ತದೆ.

ತನ್ನ ವಕೀಲರನ್ನು ಆರಿಸಿಕೊಳ್ಳುವ ಹಕ್ಕು ಬೇರೆ ಕಕ್ಷಿದಾರರಂತೆ ಸರ್ಕಾರಕ್ಕೂ ಇಲ್ಲವೇ ಎಂದು ಕೇಳುವವರಿದ್ದಾರೆ. ಇದೆ. ಆದರೆ ಖಾಸಗಿ ಕಕ್ಷಿದಾರ ಶುಲ್ಕ ಕೊಡುವುದು ತನ್ನ ಜೇಬಿನಿಂದ, ಸೋತರೆ ಕಳೆದುಕೊಳ್ಳುವುದೂ ತನ್ನ ಆಸ್ತಿಯನ್ನೇ. ಸರ್ಕಾರದ ವಿಷಯದಲ್ಲಿ ಎರಡೂ ಜನರದು. ಆದ್ದರಿಂದ ಆ ಹಕ್ಕಿಗೆ ಮಿತಿಯಿದೆ. 1989ರ ಡಿಸೆಂಬರಿನಲ್ಲಿ ಉತ್ತರ ಪ್ರದೇಶದ ಸರ್ಕಾರ ಬದಲಾಯಿತು. 1990ರ ಫೆಬ್ರವರಿಯಲ್ಲಿ ಒಂದೇ ಸುತ್ತೋಲೆಯಿಂದ ಎಲ್ಲ ಜಿಲ್ಲೆಗಳ ಸರ್ಕಾರಿ ವಕೀಲರನ್ನು ತೆಗೆದುಹಾಕಲಾಯಿತು. ಶ್ರೀಲೇಖಾ ವಿದ್ಯಾರ್ಥಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮನಸೋಇಚ್ಛೆಯ ಕ್ರಮವೆಂದು ರದ್ದು ಮಾಡಿತು. 2016ರ ಮಾರ್ಚ್‌ನಲ್ಲಿ ಪಂಜಾಬ್, ಹರಿಯಾಣದ ಪ್ರಕರಣ ಬಂದಾಗ ಅದೇ ಕೋರ್ಟು, ಕೆಲಸ ಎಷ್ಟಿದೆ ಎಂದು ಅಳೆಯದೆ, ಅರ್ಹತೆ ತೂಗುವ ಕ್ರಮವಿಲ್ಲದೆ ಮಾಡುವ ನೇಮಕ ಒಪ್ಪತಕ್ಕದ್ದಲ್ಲ ಎಂದಿತು. ಆ ಎರಡು ರಾಜ್ಯಗಳಿಗೆ ವಿಧಾನವನ್ನೂ ಹಾಕಿಕೊಟ್ಟು, ಬೇರೆ ರಾಜ್ಯಗಳೂ ತಮ್ಮ ಪದ್ಧತಿ ತಿದ್ದಿಕೊಳ್ಳಬಹುದು ಎಂದಿತು. ಇಷ್ಟು ವರ್ಷವಾದರೂ ಕರ್ನಾಟಕ ಅದನ್ನು ಮನಸ್ಸಿಗೆ ಹಾಕಿಕೊಂಡಂತೆ ಕಾಣುವುದಿಲ್ಲ.

ಪ್ರಾಸಿಕ್ಯೂಟರ್ ಯಾರೆಂಬುದು ಎಷ್ಟು ಮುಖ್ಯ ಎಂಬುದಕ್ಕೆ ನಮ್ಮೂರಲ್ಲೇ ನಡೆದ ಜಯಲಲಿತಾ ಅಕ್ರಮ ಆಸ್ತಿ ಪ್ರಕರಣ ಸಾಕು. ತಮಿಳುನಾಡಿನಲ್ಲಿ ನಿಷ್ಪಕ್ಷಪಾತ ವಿಚಾರಣೆ ಕಷ್ಟವೆಂದು 2003ರಲ್ಲಿ ಅದನ್ನು ಬೆಂಗಳೂರಿಗೆ ತಂದರು. ಶಿಕ್ಷೆಯ ವಿರುದ್ಧ ಮೇಲ್ಮನವಿ ಹೈಕೋರ್ಟಿಗೆ ಹೋದಾಗ ಪ್ರಾಸಿಕ್ಯೂಟರನ್ನು ನೇಮಿಸಿದ್ದು ಯಾರು? ಆಕೆಯದೇ ಪಕ್ಷ ಆಳುತ್ತಿದ್ದ ತಮಿಳುನಾಡು! ಆ ನೇಮಕ ಕಾನೂನುಬಾಹಿರ, ಅಧಿಕಾರ ಕರ್ನಾಟಕದ್ದು ಎಂದು 2015ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಹೇಳುವ ಹೊತ್ತಿಗೆ ಹೈಕೋರ್ಟಿನಲ್ಲಿ ವಾದ ಮುಗಿದಿತ್ತು.

ಹಾಗೆಂದು ಪರೀಕ್ಷೆ ನಡೆಸಿ ನೇಮಿಸುವುದೊಂದೇ ಮದ್ದು ಎಂದು ನಾನು ನಂಬುವುದಿಲ್ಲ. ಪರೀಕ್ಷೆ ನಡೆಸಿ ಮಾಡಿದ ಸಹಾಯಕ ಪ್ರಾಸಿಕ್ಯೂಟರ್ ನೇಮಕದಲ್ಲೂ ಅಂಕ ತಿದ್ದಿದ ಆರೋಪ ಬಂದು ಲೋಕಾಯುಕ್ತ ಪೊಲೀಸರು ತನಿಖೆ ಮಾಡಬೇಕಾಯಿತು. ಪ್ರಾಮಾಣಿಕವಾಗಿ ದುಡಿಯುವ ಸರ್ಕಾರಿ ವಕೀಲರನ್ನೂ ಬೇಕಾದಷ್ಟು ನೋಡಿದ್ದೇನೆ. ರಾತ್ರಿ ಕೂತು ಕಡತ ಓದಿ ಬಂದು ವಾದಿಸಿದವರ ಶುಲ್ಕದ ಬಿಲ್ಲು ತಿಂಗಳುಗಟ್ಟಲೆ ಪಾಸಾಗುವುದಿಲ್ಲ, ಸರ್ಕಾರ ಬದಲಾದ ದಿನ ಅವರೂ ಮನೆಗೆ. ಅಂಥವರಿಗೆ ಆಗುತ್ತಿರುವ ಅನ್ಯಾಯ ನನ್ನನ್ನು ಬಹಳ ನೋಯಿಸುತ್ತದೆ.

ಮುಚ್ಚಿದ ಕಡತದಲ್ಲಿರುವ ಪಟ್ಟಿಯನ್ನು ಸರ್ಕಾರ ಹೊರಗೆ ತರಲಿ. ಅರ್ಜಿ ಹಾಕಿದವರು ಯಾರು, ಎಷ್ಟು ವರ್ಷದ ಅನುಭವ, ಜಿಲ್ಲಾ ನ್ಯಾಯಾಧೀಶರು ಏನೆಂದರು ಎಂಬುದನ್ನು ನೇಮಕಕ್ಕೆ ಮೊದಲೇ ಪ್ರಕಟಿಸಲಿ. ಅವಧಿಗೆ ಮುನ್ನ ಯಾರನ್ನಾದರೂ ತೆಗೆಯುವುದಾದರೆ ಕಾರಣವನ್ನು ಬರೆದು ಕೊಡಲಿ. ಸರ್ಕಾರದ ಪರ ಯಾರೂ ಹಾಜರಾಗದೆ ಏಕಪಕ್ಷೀಯವಾಗಿ ಡಿಕ್ರಿಯಾದ ದಾವೆಗಳ ಲೆಕ್ಕವನ್ನು ವರ್ಷಕ್ಕೊಮ್ಮೆ ಸದನದ ಮುಂದಿಡಲಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಕಾನೂನು ಅಧಿಕಾರಿಗಳ ನೇಮಕಕ್ಕೆಂದೇ 1977ರಲ್ಲಿ ರಾಜ್ಯ ಮಾಡಿಕೊಂಡ ನಿಯಮಗಳನ್ನು ತಿದ್ದಿದರೆ ಆಗುತ್ತದೆ. ಅಧಿವೇಶನದಲ್ಲಿ ಈ ವಿಷಯ ಎತ್ತಬೇಕೆಂದು ಕೋರಿ ನಮ್ಮ ಕ್ಷೇತ್ರದ ಶಾಸಕರಿಗೂ ಈ ಪತ್ರದ ಪ್ರತಿ ಕಳಿಸಿದ್ದೇನೆ.

– ನಿವೃತ್ತ ನ್ಯಾಯಾಲಯ ನೌಕರ, ಬೆಂಗಳೂರು