ಸೆಖೆಗೆ ತೆಳು ರೇಸಿಂಗ್ ಸೂಟ್ ಸಾಕೇ? ಕೊಳ್ಳುವ ಮುನ್ನ ತಿಳಿಯಬೇಕಾದ ಸಂಗತಿಗಳು

ಟಿವಿಯಲ್ಲಿ ಕಾರ್ ರೇಸ್ ನೋಡುವವರಿಗೆ ಈ ಪ್ರಶ್ನೆ ಒಮ್ಮೆಯಾದರೂ ಬಂದಿರುತ್ತದೆ. ಬನಿಯನ್ ಹಾಕಿಕೊಳ್ಳುವುದೇ ಕಷ್ಟ ಎನಿಸುವ ಸೆಖೆಯಲ್ಲಿ ಈ ಚಾಲಕರು ಕತ್ತಿನಿಂದ ಕಾಲಿನವರೆಗೆ ದಪ್ಪ ಸೂಟ್ ತೊಟ್ಟು, ತಲೆಗೆ ಹೆಲ್ಮೆಟ್ ಹಾಕಿಕೊಂಡು ಗಂಟೆಗಟ್ಟಲೆ ಹೇಗೆ ಕೂರುತ್ತಾರೆ?

ಇದಕ್ಕೆ ಬಾಯಿಂದ ಬಾಯಿಗೆ, ಮೊಬೈಲ್‌ನಿಂದ ಮೊಬೈಲ್‌ಗೆ ಓಡಾಡುವ ಉತ್ತರಗಳು ಹಲವು. "ಆ ಸೂಟಿನೊಳಗೆ ಎಸಿ ಇರುತ್ತದೆ." "ಅದು ಬೆಂಕಿಯೇ ತಾಗದ ಬಟ್ಟೆ." "ನಮ್ಮ ಬಿಸಿಲಿಗೆ ಒಂದೇ ಪದರದ ತೆಳು ಸೂಟ್ ಸಾಕು." "ಒಳಗೆ ಜಿಮ್ ಟೀ ಶರ್ಟ್ ಹಾಕಿದರೆ ಬೆವರು ಬೇಗ ಒಣಗುತ್ತದೆ." ಮೊದಲ ಎರಡು ಮಾತುಗಳನ್ನು ಕೇಳಿ ನಕ್ಕು ಬಿಡಬಹುದು. ಕೊನೆಯ ಎರಡನ್ನು ನಂಬಿ ರೇಸ್‌ಗೆ ಇಳಿದರೆ ಮಾತ್ರ ಚರ್ಮವೇ ಸುಟ್ಟುಹೋಗಬಹುದು.

ಕೊಯಮತ್ತೂರು, ಚೆನ್ನೈನ ಟ್ರ್ಯಾಕ್‌ಗಳಲ್ಲಿ, ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವಿನ ರ‍್ಯಾಲಿಗಳಲ್ಲಿ ಕರ್ನಾಟಕದ ಯುವಕ, ಯುವತಿಯರೂ ಭಾಗವಹಿಸುತ್ತಾರೆ. ಅವರಲ್ಲಿ ಹಲವರು ಸ್ವಂತ ಹಣದಲ್ಲೇ ಸೂಟ್ ಕೊಳ್ಳುತ್ತಾರೆ. ಹಾಗಾಗಿ ಈ ಮಾತುಗಳಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ಬಿಡಿಸಿ ನೋಡೋಣ.

ಸೂಟ್ ಇರುವುದು ಯಾವುದಕ್ಕೆ?

ರೇಸಿಂಗ್ ಸೂಟ್ ಬೆಂಕಿಯನ್ನು ಆರಿಸುವುದಿಲ್ಲ. ಅದರೊಳಗಿರುವವರು ಬೆಂಕಿಯಲ್ಲಿ ಎಷ್ಟು ಹೊತ್ತು ಬೇಕಾದರೂ ಇರಬಹುದು ಎಂದೂ ಅಲ್ಲ. ಅದು ಕೊಡುವುದು ಕೆಲವೇ ಸೆಕೆಂಡುಗಳನ್ನು. ಬೆಲ್ಟ್ ಬಿಚ್ಚಿ ಕಾರಿನಿಂದ ಹೊರಬರಲು, ಇಲ್ಲವೇ ರಕ್ಷಣಾ ಸಿಬ್ಬಂದಿ ಬಂದು ತಲುಪಲು ಬೇಕಾಗುವ ಸೆಕೆಂಡುಗಳು ಅವು.

ಹಿಂದೆ ಚಾಲಕರು ರಾಸಾಯನಿಕದಲ್ಲಿ ಅದ್ದಿ ಒಣಗಿಸಿದ ಹತ್ತಿಯ ಉಡುಪು ತೊಡುತ್ತಿದ್ದರು. ಹಾಗೆ ಅದ್ದದ ಸಾದಾ ಬಟ್ಟೆಯಲ್ಲೇ ಓಡಿಸುತ್ತಿದ್ದವರೂ ಇದ್ದರು. 1964ರ ಮೇ ತಿಂಗಳಲ್ಲಿ ಅಮೆರಿಕದ ಷಾರ್ಲೆಟ್‌ನಲ್ಲಿ ನಡೆದ ರೇಸ್‌ನಲ್ಲಿ ಪ್ರಸಿದ್ಧ ಚಾಲಕ ಫೈರ್‌ಬಾಲ್ ರಾಬರ್ಟ್ಸ್ ಅವರ ಕಾರಿಗೆ ಬೆಂಕಿ ಹೊತ್ತಿಕೊಂಡಿತು. ತೀವ್ರವಾಗಿ ಸುಟ್ಟುಕೊಂಡ ಅವರು ಜುಲೈನಲ್ಲಿ ತೀರಿಕೊಂಡರು. ಬೆಂಕಿಯನ್ನು ತಾಳುವ ಉಡುಪಿನ ಹುಡುಕಾಟಕ್ಕೆ ಇಂಥ ದುರಂತಗಳೇ ವೇಗ ಕೊಟ್ಟವು. ಅದೇ ದಶಕದಲ್ಲಿ ಡುಪಾಂಟ್ ಕಂಪನಿಯ ನೊಮೆಕ್ಸ್ ಎಂಬ ನಾರು ರೇಸ್ ಲೋಕಕ್ಕೆ ಬಂತು.

ನೊಮೆಕ್ಸ್ ಕರಗುವುದಿಲ್ಲ, ತೊಟ್ಟಿಕ್ಕುವುದಿಲ್ಲ. ತೀವ್ರ ಶಾಖ ತಗುಲಿದಾಗ ಇದ್ದಿಲಿನಂತೆ ಕಪ್ಪಾಗಿ, ಸ್ವಲ್ಪ ದಪ್ಪವಾಗಿ, ಬೆಂಕಿಗೂ ಚರ್ಮಕ್ಕೂ ನಡುವೆ ಗೋಡೆಯಂತೆ ನಿಲ್ಲುತ್ತದೆ. ಈ ಗುಣ ನಾರಿನಲ್ಲೇ ಇರುವುದರಿಂದ ಒಗೆದರೂ ಹೋಗುವುದಿಲ್ಲ. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ ಈಗ ಸೂಟುಗಳಿಗೆ 8856-2018 ಎಂಬ ಮಾನದಂಡ ಇಟ್ಟಿದೆ. ಪ್ರಯೋಗಾಲಯದಲ್ಲಿ ಬಟ್ಟೆಯ ಹೊರಬದಿಗೆ ಜ್ವಾಲೆ ಹಿಡಿದಾಗ ಒಳಬದಿಯ ತಾಪ 24 ಡಿಗ್ರಿ ಏರಲು ಕನಿಷ್ಠ 12 ಸೆಕೆಂಡು ಹಿಡಿಯಬೇಕು. ಹಿಂದಿನ ಮಾನದಂಡದಲ್ಲಿ ಇದು 11 ಸೆಕೆಂಡು ಇತ್ತು. ಒಂದೇ ಒಂದು ಸೆಕೆಂಡು ಹೆಚ್ಚಿಸಲು ಮಾನದಂಡವನ್ನೇ ಬದಲಿಸಿದ್ದಾರೆ ಎಂದರೆ ಆ ಸೆಕೆಂಡಿನ ಬೆಲೆ ಎಷ್ಟೆಂದು ಊಹಿಸಿ.

2020ರ ನವೆಂಬರ್ 29ರಂದು ಬಹ್ರೇನ್‌ನಲ್ಲಿ ರೊಮೇನ್ ಗ್ರೋಜಾನ್ ಅವರ ಕಾರು ತಡೆಗೋಡೆಗೆ ಬಡಿದು ಎರಡು ತುಂಡಾಗಿ, ಬೆಂಕಿಯ ಉಂಡೆಯಾಯಿತು. ಅವರು ಸುಮಾರು 27 ಸೆಕೆಂಡುಗಳ ನಂತರ ಜ್ವಾಲೆಯ ನಡುವಿನಿಂದ ತಾವೇ ಎದ್ದು ಹೊರಬಂದರು. ಎರಡೂ ಕೈಗಳು ಸುಟ್ಟಿದ್ದವು, ಜೀವ ಉಳಿದಿತ್ತು. ಸೂಟ್, ಒಳ ಉಡುಪು, ಮುಖಗವಸು, ಹೆಲ್ಮೆಟ್ ಎಲ್ಲವೂ ಸೇರಿ ಆ ಸೆಕೆಂಡುಗಳನ್ನು ಅವರಿಗೆ ಗಳಿಸಿಕೊಟ್ಟಿದ್ದವು. ಹಾಗಾಗಿ "ಬೆಂಕಿಯೇ ತಾಗದ ಬಟ್ಟೆ" ಎಂಬ ಮಾತು ಸುಳ್ಳು. ಬೆಂಕಿಯನ್ನು ಸ್ವಲ್ಪ ಹೊತ್ತು ತಡೆದು ನಿಲ್ಲಿಸುವ ಬಟ್ಟೆ ಎಂದರೆ ಸರಿ.

ಅದೇ ಸೂಟ್ ಒಳಗೆ ಬೇಯಿಸುವುದು ಯಾಕೆ?

ಸೂಟಿನ ಪದರಗಳ ನಡುವೆ ಗಾಳಿ ಸಿಕ್ಕಿಕೊಂಡಿರುತ್ತದೆ. ಗಾಳಿ ಶಾಖವನ್ನು ಬಹಳ ನಿಧಾನವಾಗಿ ಸಾಗಿಸುತ್ತದೆ. ಹೊರಗಿನ ಬೆಂಕಿಯ ಬಿಸಿ ಒಳಗೆ ಬೇಗ ಬಾರದಿರಲು ಇದೇ ಕಾರಣ. ಆದರೆ ಇದೇ ಗೋಡೆ ದೇಹದ ಬಿಸಿಯನ್ನೂ ಹೊರಗೆ ಹೋಗಲು ಬಿಡುವುದಿಲ್ಲ.

ರೇಸ್ ಓಡಿಸುವಾಗ ದೇಹ ಸುಮ್ಮನೆ ಕುಳಿತಿರುವುದಿಲ್ಲ. ಸ್ನಾಯುಗಳು ದುಡಿಯುತ್ತವೆ, ಹೃದಯ ಜೋರಾಗಿ ಬಡಿಯುತ್ತದೆ, ಎಂಜಿನ್‌ನ ಕಾವು ಬೇರೆ. ಮುಚ್ಚಿದ ಕಾರಿನೊಳಗೆ ತಾಪ 50 ಡಿಗ್ರಿ ದಾಟುವುದೂ ಉಂಟು. ಸುತ್ತಲಿನ ಗಾಳಿ ಚರ್ಮಕ್ಕಿಂತ ಬಿಸಿಯಾದಾಗ ದೇಹಕ್ಕೆ ಉಳಿಯುವ ಮುಖ್ಯ ದಾರಿ ಬೆವರು. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ, ಸುಮಾರು 7 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಬೇಕಾಗುವಷ್ಟು ಶಾಖವನ್ನು ಅದು ಹೊತ್ತೊಯ್ಯುತ್ತದೆ.

ಇಲ್ಲಿ ಮುಖ್ಯವಾದ ಪದ 'ಆವಿಯಾದರೆ'. ಸೂಟಿಗೆ ಹೀರಿಕೊಂಡ ಬೆವರು, ಹನಿಹನಿಯಾಗಿ ಇಳಿದುಹೋದ ಬೆವರು ದೇಹವನ್ನು ಅಷ್ಟಾಗಿ ತಂಪಾಗಿಸುವುದಿಲ್ಲ, ನೀರು ಮಾತ್ರ ಖಾಲಿಯಾಗುತ್ತದೆ. ಬಳ್ಳಾರಿಯ ಒಣ ಬಿಸಿಲಿನಲ್ಲಿ ಗಂಟೆಯೊಳಗೆ ಒಣಗುವ ಬಟ್ಟೆ, ಮಂಗಳೂರಿನ ತೇವದ ಗಾಳಿಯಲ್ಲಿ ಸಂಜೆಯಾದರೂ ಹಸಿಯಾಗಿಯೇ ಇರುತ್ತದಲ್ಲ? ಬೆವರಿನ ಕಥೆಯೂ ಅದೇ.

2023ರ ಅಕ್ಟೋಬರ್ 8ರಂದು ಕತಾರ್‌ನಲ್ಲಿ ಇದು ಜಗತ್ತಿಗೇ ಕಾಣಿಸಿತು. ಅದು ರಾತ್ರಿ ನಡೆದ ರೇಸ್, ಬಿಸಿಲೇ ಇರಲಿಲ್ಲ. ಆದರೂ ಸೆಖೆ ಮತ್ತು ತೇವಾಂಶ ಸೇರಿ ಚಾಲಕರನ್ನು ಹಣ್ಣು ಮಾಡಿದವು. ಎಸ್ಟೆಬಾನ್ ಒಕೋನ್ ಹೆಲ್ಮೆಟ್ ಒಳಗೇ ವಾಂತಿ ಮಾಡಿಕೊಂಡರು. ಲೋಗನ್ ಸಾರ್ಜೆಂಟ್ ರೇಸ್ ಅನ್ನು ಅರ್ಧಕ್ಕೇ ಬಿಟ್ಟರು. ಪ್ರಜ್ಞೆ ತಪ್ಪಿದಂತಾಗುತ್ತಿತ್ತು ಎಂದು ಲ್ಯಾನ್ಸ್ ಸ್ಟ್ರೋಲ್ ಹೇಳಿಕೊಂಡರು. ಗಂಟೆಗೆ 300 ಕಿಲೋಮೀಟರ್ ವೇಗದಲ್ಲಿ ಕಣ್ಣು ಕತ್ತಲಿಟ್ಟರೆ ಏನಾದೀತು?

ಅಂದರೆ ಅಪಾಯ ಎರಡು ಕಡೆಯಿಂದಲೂ ಇದೆ. ಬೆಂಕಿ ಅಪರೂಪಕ್ಕೆ ಬರುತ್ತದೆ, ಬಂದರೆ ಕ್ಷಣಗಳಲ್ಲಿ ಸುಡುತ್ತದೆ. ಸೆಖೆ ಪ್ರತಿ ರೇಸ್‌ನಲ್ಲೂ ಇರುತ್ತದೆ, ನಿಧಾನವಾಗಿ ಮೈಮೇಲೆ ಬರುತ್ತದೆ. ದಿನವೂ ಕಾಡುವ ಸೆಖೆಗೆ ಹೆದರಿ, ಅಪರೂಪದ ಬೆಂಕಿಯನ್ನು ಮರೆಯುವುದೇ ತೆಳು ಸೂಟಿನ ಸಲಹೆಯ ಮೂಲ ತಪ್ಪು.

ಕೇಳಿಬರುವ ಮಾತುಗಳು, ಅವುಗಳ ನಿಜಾಂಶ

"ಒಂದೇ ಪದರ ಸಾಕು": ಅಮೆರಿಕದ ಎಸ್‌ಎಫ್‌ಐ ಸಂಸ್ಥೆಯ ಶ್ರೇಣಿಗಳನ್ನು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಕೆಳಗಿನ 3.2ಎ/1 ಶ್ರೇಣಿಯ ಸೂಟಿನಲ್ಲಿ ಬೊಬ್ಬೆ ಏಳುವಂಥ ಎರಡನೇ ಹಂತದ ಸುಟ್ಟಗಾಯ ಆಗಲು ಸುಮಾರು 3 ಸೆಕೆಂಡು ಸಾಕು. 3.2ಎ/5 ಶ್ರೇಣಿಯಲ್ಲಿ ಈ ಅವಧಿ ಸುಮಾರು 10 ಸೆಕೆಂಡು. ಕಣ್ಣು ಮುಚ್ಚಿ ಒಂದು, ಎರಡು, ಮೂರು ಎಂದು ಎಣಿಸಿ. ಅಷ್ಟರೊಳಗೆ ಬೆಲ್ಟ್ ಬಿಚ್ಚಿ, ಕಾರಿನೊಳಗಿನ ಕಬ್ಬಿಣದ ಸರಳುಗಳನ್ನು ದಾಟಿ ಹೊರಬರಲು ಸಾಧ್ಯವೇ?

"ಒಳಗೆ ಜಿಮ್ ಟೀ ಶರ್ಟ್ ಒಳ್ಳೆಯದು": ಎಲ್ಲಕ್ಕಿಂತ ಅಪಾಯಕಾರಿ ಸಲಹೆ ಇದು. ಬೆವರು ಬೇಗ ಒಣಗಿಸುವ ಟೀ ಶರ್ಟ್‌ಗಳು ಹೆಚ್ಚಾಗಿ ಪಾಲಿಯೆಸ್ಟರ್‌ನವು. ಪಾಲಿಯೆಸ್ಟರ್ ಸುಮಾರು 250-260 ಡಿಗ್ರಿಯಲ್ಲಿ ಕರಗುತ್ತದೆ. ಹೊರಗಿನ ಸೂಟ್ ಗಟ್ಟಿಯಾಗಿ ನಿಂತಿದ್ದರೂ ಅದರ ಮೂಲಕ ಬಂದ ಶಾಖಕ್ಕೆ ಒಳಗಿನ ಬಟ್ಟೆ ಕರಗಿ ಚರ್ಮಕ್ಕೆ ಅಂಟಿಕೊಳ್ಳಬಹುದು. ದೀಪಾವಳಿಯಲ್ಲಿ ಪಟಾಕಿ ಹಚ್ಚುವಾಗ, ಒಲೆಯ ಮುಂದೆ ನಿಂತಾಗ ನೈಲಾನ್ ಬಟ್ಟೆ ಬೇಡ, ಹತ್ತಿ ಬಟ್ಟೆ ತೊಡಿ ಎಂದು ಹಿರಿಯರು ಹೇಳುವುದೂ ಇದೇ ಕಾರಣಕ್ಕೆ. ಹತ್ತಿ ಕರಗುವುದಿಲ್ಲ, ಆದರೆ ಉರಿಯುತ್ತದೆ, ಬೆವರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ರೇಸ್‌ಗೆ ಬೇಕಾದುದು ಬೆಂಕಿ ತಾಳುವ ನಾರಿನಿಂದಲೇ ಮಾಡಿದ ತೆಳುವಾದ ಒಳ ಉಡುಪು.

"ಕಾರ್ಟಿಂಗ್ ಸೂಟ್ ಹಗುರ, ಅದೇ ನಡೆಯುತ್ತದೆ": ನೋಡಲು ಎರಡೂ ಒಂದೇ ತರಹ, ಬೆಲೆಯಲ್ಲಿ ಮಾತ್ರ ಕಾರ್ಟಿಂಗ್ ಸೂಟ್ ಅಗ್ಗ. ಆದರೆ ಕಾರ್ಟ್‌ನಲ್ಲಿ ಬೆಲ್ಟ್ ಇರುವುದಿಲ್ಲ. ಅಪಘಾತವಾದರೆ ಚಾಲಕ ಹೊರಗೆ ಬಿದ್ದು ನೆಲಕ್ಕೆ ಉಜ್ಜಿಕೊಂಡು ಹೋಗಬಹುದು. ಆದ್ದರಿಂದ ಆ ಸೂಟುಗಳನ್ನು ತರಚು ಗಾಯ ತಡೆಯಲು ಮಾಡಿರುತ್ತಾರೆ, ಅವುಗಳಲ್ಲಿ ನೈಲಾನ್ ಬಳಕೆ ಸಾಮಾನ್ಯ. ಬೆಂಕಿಗೆ ಅವು ಉತ್ತರವಲ್ಲ. ಆನ್‌ಲೈನ್‌ನಲ್ಲಿ 'ರೇಸಿಂಗ್ ಸೂಟ್' ಎಂದು ಬರೆದ ಮಾತ್ರಕ್ಕೆ ಅದು ಕಾರ್ ರೇಸಿನ ಸೂಟ್ ಆಗುವುದಿಲ್ಲ.

"ಸೂಟನ್ನು ನೀರಲ್ಲಿ ನೆನೆಸಿ ಹಾಕಿಕೊಳ್ಳಿ": ಹಾಕಿದಾಗ ಹಾಯೆನಿಸುತ್ತದೆ ನಿಜ. ಆದರೆ ನೀರು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ಚೆನ್ನಾಗಿ ಶಾಖ ಸಾಗಿಸುತ್ತದೆ. ಪದರಗಳ ನಡುವೆ ಗಾಳಿ ಇರಬೇಕಾದ ಜಾಗದಲ್ಲಿ ನೀರು ತುಂಬಿದರೆ, ಬೆಂಕಿ ತಗುಲಿದಾಗ ಅದು ಹಬೆಯಾಗಿ ಚರ್ಮವನ್ನು ಬೇಯಿಸಬಹುದು.

"ಬಿಳಿ ಬಣ್ಣದ್ದು ತೊಟ್ಟರೆ ಸಾಕು": ಇದು ಅರ್ಧ ಸತ್ಯ. ಬಿಸಿಲಲ್ಲಿ ನಿಂತಾಗ ತಿಳಿ ಬಣ್ಣ ಕಡಿಮೆ ಶಾಖ ಹೀರುತ್ತದೆ. ಮುಚ್ಚಿದ ಕಾರಿನ ಒಳಗೆ ಸೆಖೆ ಬರುವುದು ಎಂಜಿನ್ ಮತ್ತು ಬಿಸಿ ಗಾಳಿಯಿಂದ, ಅಲ್ಲಿ ಬಣ್ಣದಿಂದ ದೊಡ್ಡ ಲಾಭವಿಲ್ಲ.

"ಸೂಟಿನಲ್ಲಿ ಎಸಿ ಇರುತ್ತದೆ": ಎಸಿ ಅಲ್ಲ, ತಂಪು ದ್ರವ ಹರಿಯುವ ಸಣ್ಣ ಕೊಳವೆಗಳನ್ನು ಹೊಲಿದ ಬನಿಯನ್ ಉಂಟು. ಕತಾರ್‌ನ ಅನುಭವದ ನಂತರ ಎಫ್‌ಐಎ ಫಾರ್ಮುಲಾ 1ಕ್ಕೆ ಹೊಸ ನಿಯಮ ತಂದಿತು. ತಾಪ ಮತ್ತು ತೇವಾಂಶ ಸೇರಿಸಿ ಲೆಕ್ಕ ಹಾಕುವ ಶಾಖ ಸೂಚ್ಯಂಕ 31 ಡಿಗ್ರಿ ದಾಟುವ ಮುನ್ಸೂಚನೆ ಇದ್ದರೆ ಕಾರಿನಲ್ಲಿ ತಂಪಿನ ವ್ಯವಸ್ಥೆ ಇರಲೇಬೇಕು. 2025ರ ಅಕ್ಟೋಬರ್‌ನ ಸಿಂಗಪುರ ರೇಸ್‌ನಲ್ಲಿ ಇದು ಮೊದಲ ಬಾರಿಗೆ ಜಾರಿಯಾಯಿತು. ಆಗಲೂ ಆ ಬನಿಯನ್ ತೊಡುವುದು ಚಾಲಕರ ಇಷ್ಟಕ್ಕೆ ಬಿಟ್ಟಿದ್ದಾಗಿತ್ತು. ಪಂಪು ಕೆಟ್ಟರೆ ಅದೇ ಕೊಳವೆಗಳಲ್ಲಿ ಬಿಸಿ ನೀರು ನಿಲ್ಲುತ್ತದೆ ಎಂಬುದೂ ನೆನಪಿರಲಿ.

ಹಾಗಾದರೆ ಸೆಖೆಗೆ ಸೂಟ್ ಆರಿಸುವುದು ಹೇಗೆ?

ಮೊದಲು ಮಾನದಂಡ, ಆಮೇಲೆ ತೂಕ. ನಿಮ್ಮ ಸ್ಪರ್ಧೆಯ ನಿಯಮಾವಳಿ ಯಾವ ಮಾನದಂಡ ಕೇಳುತ್ತದೆ ಎಂದು ಓದಿ. ಎಫ್‌ಐಎ ಮಾನ್ಯತೆಯ ಗುರುತು ಸಾಮಾನ್ಯವಾಗಿ ಕಾಲರಿನ ಹಿಂಬದಿಯಲ್ಲಿ ಕಸೂತಿಯಾಗಿರುತ್ತದೆ. ಬಳಕೆಯ ಕೊನೆಯ ವರ್ಷ ನಮೂದಾಗಿದ್ದರೆ ಅದನ್ನೂ ನೋಡಿ. ಈ ಮಾನದಂಡ ದಾಟಿದ ಸೂಟುಗಳ ನಡುವೆ ಮಾತ್ರ ಹಗುರವಾದದ್ದನ್ನು ಹುಡುಕಿ. ಒಂದೇ ಮಾನ್ಯತೆಯ ಎರಡು ಸೂಟುಗಳಲ್ಲಿ ಒಂದು ದಪ್ಪ, ಇನ್ನೊಂದು ತೆಳುವಾಗಿರಬಹುದು. ಹೆಚ್ಚು ಹಣ ಕೊಟ್ಟಾಗ ಸಿಗುವುದು ಬಹುಮಟ್ಟಿಗೆ ಈ ಹಗುರತನವೇ.

ಬೆನ್ನು, ಕಂಕುಳು, ಸೊಂಟದ ಭಾಗದಲ್ಲಿ ಹಿಗ್ಗುವ ಹೆಣಿಗೆ ಬಟ್ಟೆ ಇದೆಯೇ ನೋಡಿ. ಗಾಳಿಯಾಡಲು, ಕೈ ಆಡಿಸಲು ಅದು ಅನುಕೂಲ.

ಮೈಗೆ ಬಿಗಿಯಾದ ಸೂಟ್ ಬೇಡ. ಸ್ವಲ್ಪ ಸಡಿಲವಿದ್ದರೆ ನಡುವೆ ಗಾಳಿ ಉಳಿಯುತ್ತದೆ. ಅದು ಸೆಖೆಗೂ ಒಳ್ಳೆಯದು, ಬೆಂಕಿಯಿಂದ ರಕ್ಷಣೆಗೂ ಒಳ್ಳೆಯದು. ಕೊಳ್ಳುವಾಗ ನಿಂತು ನೋಡಿದರೆ ಸಾಲದು, ಕಾರಿನಲ್ಲಿ ಕೂರುವ ಭಂಗಿಯಲ್ಲಿ ಕೂತು ನೋಡಿ. ಮಣಿಕಟ್ಟು, ಕಣಕಾಲು ಹೊರಗೆ ಕಾಣಬಾರದು.

ಪ್ರಾಯೋಜಕರ ಹೆಸರನ್ನು ಊರಿನ ದರ್ಜಿಯ ಬಳಿ ಸಾದಾ ದಾರದಲ್ಲಿ ಹೊಲಿಸಬೇಡಿ. ದಾರವೂ ಬೆಂಕಿ ತಾಳುವಂಥದ್ದಾಗಿರಬೇಕು, ಹೊಲಿಗೆ ಒಳಪದರದವರೆಗೂ ಇಳಿಯಬಾರದು. ಸೂಟಿಗೆ ಎಣ್ಣೆ, ಪೆಟ್ರೋಲ್ ಕಲೆ ಅಂಟಿದ್ದರೆ ತೊಳೆಯದೆ ಹಾಕಬೇಡಿ. ಬ್ಲೀಚ್ ಬಳಸದೆ ಒಗೆದು, ನೆರಳಲ್ಲಿ ಒಣಗಿಸಿ. ಬಿಸಿಲಿನ ಅತಿನೇರಳೆ ಕಿರಣಗಳು ಈ ನಾರನ್ನು ದುರ್ಬಲಗೊಳಿಸುತ್ತವೆ.

ಉಳಿದ ಸೆಖೆಯನ್ನು ಸೂಟಿನ ಹೊರಗೆ ನಿಭಾಯಿಸಬೇಕು. ಒಂದೆರಡು ವಾರ ಮುಂಚಿನಿಂದ ಸೆಖೆಯಲ್ಲಿ ವ್ಯಾಯಾಮ ಮಾಡಿ ದೇಹವನ್ನು ಒಗ್ಗಿಸುವುದು, ರೇಸ್‌ಗೂ ಮೊದಲೇ ನೀರು, ಉಪ್ಪಿನಂಶ ಸೇರಿಸಿಕೊಳ್ಳುವುದು, ಸರದಿ ಬರುವವರೆಗೆ ನೆರಳಲ್ಲಿ ಸೂಟನ್ನು ಸೊಂಟದವರೆಗೆ ಇಳಿಸಿಕೊಂಡಿರುವುದು, ಹೊರಡುವ ಮುನ್ನ ಐಸ್ ಇಟ್ಟ ಜಾಕೆಟ್ ತೊಟ್ಟು ಮೈ ತಂಪು ಮಾಡಿಕೊಳ್ಳುವುದು. ದೊಡ್ಡ ರೇಸ್‌ಗಳ ಚಾಲಕರು ಮಾಡುವುದೂ ಇದನ್ನೇ. ತಲೆ ಸುತ್ತು, ವಾಕರಿಕೆ, ಗೊಂದಲ ಕಾಣಿಸಿಕೊಂಡರೆ, ಅಥವಾ ಅಷ್ಟು ಸೆಖೆಯಲ್ಲೂ ಚಳಿ ಎನಿಸಿದರೆ ಕಾರು ನಿಲ್ಲಿಸಿ. ಆ ದಿನದ ಸ್ಥಾನಕ್ಕಿಂತ ಜೀವ ದೊಡ್ಡದು.

ಒಟ್ಟಿನಲ್ಲಿ ಸತ್ಯವೇನು?

ಬಿಸಿಲಿಗೆ ಬೇರೆ, ಚಳಿಗೆ ಬೇರೆ ಎಂದು ಬೆಂಕಿಗೆ ಗೊತ್ತಿಲ್ಲ. ಸೆಖೆಯೆಂದು ಪದರ ಕಡಿಮೆ ಮಾಡಿದರೆ ಕಡಿಮೆಯಾಗುವುದು ತಪ್ಪಿಸಿಕೊಳ್ಳಲು ಸಿಗುವ ಸಮಯ. ಮಾನ್ಯತೆ ಇರುವ ಸೂಟುಗಳಲ್ಲೇ ಹಗುರವಾದದ್ದನ್ನು ಆರಿಸಿ, ತಂಪನ್ನು ನೀರು, ನೆರಳು, ಅಭ್ಯಾಸದಲ್ಲಿ ಹುಡುಕಿ. "ತೆಳು ಸೂಟ್ ಸಾಕು, ಒಳಗೆ ಟೀ ಶರ್ಟ್ ಹಾಕು" ಎಂಬ ಸಂದೇಶ ನಿಮ್ಮ ಗುಂಪಿಗೆ ಬಂದರೆ ಅದನ್ನು ಮುಂದೆ ಕಳಿಸುವ ಬದಲು, ಕಳಿಸಿದವರಿಗೆ ಆ ಮೂರು ಸೆಕೆಂಡುಗಳನ್ನು ಎಣಿಸಿ ನೋಡಲು ಹೇಳಿ.