ಠಾಣೆಯ ಕಾಗದ ಯಾರದು?

ಮನೆಯ ಹೆಣ್ಣುಮಕ್ಕಳು ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಬಾರದು ಎಂಬ ಮಾತನ್ನು ನಾವೆಲ್ಲ ಕೇಳಿಕೊಂಡೇ ಬೆಳೆದವರು. ಹೇಳುವ ಹಿರಿಯರು ಅದನ್ನು ಮರ್ಯಾದೆಯ ಮಾತೆಂದೇ ತಿಳಿದಿರುತ್ತಾರೆ. ನನಗೆ ಅದರಲ್ಲಿ ಯಾವ ಮರ್ಯಾದೆಯೂ ಕಾಣುವುದಿಲ್ಲ. ಕೊರಳಿನ ಸರ ಕಳೆದುಕೊಂಡವಳಿಗೆ, ರಾತ್ರಿಯಾದರೂ ಮಗ ಮನೆಗೆ ಬಾರದೆ ದಿಗಿಲುಗೊಂಡವಳಿಗೆ, ಗಂಡನ ಏಟು ತಾಳಲಾರದೆ ಹೊರಬಿದ್ದವಳಿಗೆ ಆ ಮೆಟ್ಟಿಲು ಹತ್ತದೆ ಬೇರೆ ದಾರಿ ಎಲ್ಲಿದೆ? ಹತ್ತಿದವಳು ಇಳಿಯುವಾಗ ಕೈಯಲ್ಲಿ ಏನು ಹಿಡಿದುಕೊಂಡು ಬರುತ್ತಾಳೆ ಎಂಬುದಷ್ಟೇ ಕೇಳಬೇಕಾದ ಪ್ರಶ್ನೆ.

ನಮ್ಮ ಓಣಿಯ ಒಬ್ಬಾಕೆ ಸಿರುಗುಪ್ಪದಿಂದ ಬಳ್ಳಾರಿಗೆ ಬರುವ ಬಸ್ಸಿನಲ್ಲಿ ಸರ ಕಳೆದುಕೊಂಡಳು. ಅವಳು ಹೋದ ಠಾಣೆಯ ಹೆಸರು ಇಲ್ಲಿ ಬೇಡ. "ಬರ್ಕೊಂಡೀವಿ ಹೋಗಮ್ಮಾ, ಸಿಕ್ರೆ ಹೇಳಿ ಕಳಿಸ್ತೀವಿ" ಎಂದರಂತೆ. "ಬರೆದದ್ದು ನನಗೂ ಒಂದು ಕೊಡ್ರಿ ಸರ್" ಎಂದರೆ, "ನಿನಗ್ಯಾಕಮ್ಮಾ ಅದು?" ಎಂದು ನಕ್ಕರಂತೆ. ಮೂರನೆಯ ಸಲ ಹೋದಾಗ ಒಂದು ಹಿಂಬರಹ ಕೊಟ್ಟರು. ಅರ್ಜಿ ಬಂದಿದೆ ಎಂದಷ್ಟೇ ಅದರಲ್ಲಿತ್ತು. ಆಕೆ ಅದನ್ನೇ ಕೇಸು ಎಂದುಕೊಂಡು ದೇವರ ಗೂಡಿನಲ್ಲಿ ಇಟ್ಟು ಒಂದು ವರ್ಷ ಕಾದಳು. ಕೇಸು ದಾಖಲಾಗಿಯೇ ಇರಲಿಲ್ಲ.

ಹಿಂಬರಹ ಬೇರೆ, ಪ್ರಥಮ ವರ್ತಮಾನ ವರದಿ ಬೇರೆ. ನಾವು ಎಫ್‌ಐಆರ್ ಎನ್ನುವುದು ಈ ಎರಡನೆಯದನ್ನು. ಅದಕ್ಕೊಂದು ಅಪರಾಧ ಸಂಖ್ಯೆ ಇರುತ್ತದೆ, ಅದರ ಪ್ರತಿ ಮ್ಯಾಜಿಸ್ಟ್ರೇಟರ ಕೋರ್ಟಿಗೆ ಹೋಗುತ್ತದೆ, ತನಿಖೆ ಶುರುವಾಗುವುದು ಅಲ್ಲಿಂದ. ಬರೆದುಕೊಂಡ ದೂರನ್ನು ಹೇಳಿದವಳಿಗೆ ಓದಿ ಹೇಳಬೇಕು, ಆಮೇಲೆ ಸಹಿ ಪಡೆಯಬೇಕು, ಪ್ರತಿಯನ್ನು ಆಗಲೇ ಪುಕ್ಕಟೆ ಕೊಡಬೇಕು. ಇದು 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ ಇತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲೂ ಇದೆ. ಹೊಸದರಲ್ಲಿ ದೂರು ಕೊಟ್ಟವರ ಜೊತೆಗೆ ನೊಂದವರಿಗೂ ಪ್ರತಿ ಎಂದು ಸೇರಿಸಿದ್ದಾರೆ. "ಇದು ನಮ್ಮ ಠಾಣೆಯ ಸರಹದ್ದಲ್ಲ" ಎಂದು ಅಟ್ಟುವಂತೆಯೂ ಇಲ್ಲ. ಅಪರಾಧ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ಬರೆದುಕೊಳ್ಳಬೇಕು.

ಓದಿ ಹೇಳಬೇಕು ಎಂಬ ಮಾತು ನಮ್ಮ ಸೀಮೆಗೆ ಎಷ್ಟು ಮುಖ್ಯ ನೋಡಿ. ಸಿರುಗುಪ್ಪದ ಕಡೆ ಎಷ್ಟೋ ಮನೆಗಳಲ್ಲಿ ಮಾತು ತೆಲುಗು, ಬಳ್ಳಾರಿಯ ಕೌಲ್‌ಬಜಾರಿನಲ್ಲಿ ಉರ್ದು. ಭತ್ತದ ನಾಟಿಗೆ ಹೋಗುವವಳಿಗೆ ಅಕ್ಷರವೇ ಬಾರದಿರಬಹುದು. ಅವಳು ಹೇಳಿದ್ದೊಂದು, ರೈಟರ್ ಬರೆದದ್ದೊಂದು ಆದರೆ ಕೋರ್ಟಿನಲ್ಲಿ ಉಳಿಯುವುದು ಬರೆದದ್ದೇ. ಓದಿಸಿಕೊಳ್ಳದೆ ಹೆಬ್ಬೆಟ್ಟು ಒತ್ತುವುದೆಂದರೆ, ಏನು ಮಾರಿದೆವೆಂದು ತಿಳಿಯದೆ ಕ್ರಯಪತ್ರಕ್ಕೆ ಒತ್ತಿದಂತೆಯೇ ಅಲ್ಲವೇ?

ಹಾಗಾದರೆ ಕೊಡಲು ಏಕೆ ಹಿಂಜರಿಯುತ್ತಾರೆ? ಬಳ್ಳಾರಿ 1953ರ ಅಕ್ಟೋಬರ್ 1ರವರೆಗೆ ಮದ್ರಾಸ್ ಆಡಳಿತದಲ್ಲಿತ್ತು. ಇಲ್ಲಿಯ ಠಾಣೆಗಳ ಬೇರು 1859ರ ಮದ್ರಾಸ್ ಜಿಲ್ಲಾ ಪೊಲೀಸ್ ಕಾಯ್ದೆಯಲ್ಲಿದೆ. ಆ ಕಾಲದ ಠಾಣಾ ದಿನಚರಿ ಮೇಲಿನ ದೊರೆಗೆ ಲೆಕ್ಕ ಒಪ್ಪಿಸಲು ಬರೆದದ್ದೇ ಹೊರತು ಊರಿನವರಿಗೆ ತೋರಿಸಲು ಬರೆದದ್ದಲ್ಲ. ದೊರೆಗಳು ಹೋದರು, ಆ ಗುಣ ಹೋಗಲಿಲ್ಲ. ಎರಡನೆಯ ಕಾರಣ ಇನ್ನೂ ಸರಳ. ಕೇಸು ದಾಖಲಾದರೆ ಠಾಣೆಯ ಅಪರಾಧದ ಲೆಕ್ಕ ಏರುತ್ತದೆ, ಪತ್ತೆ ಮಾಡದಿದ್ದರೆ ಮೇಲಿನವರು ಕೇಳುತ್ತಾರೆ. ಹಿಂಬರಹಕ್ಕೆ ಆ ತೊಂದರೆಯಿಲ್ಲ. ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಗಾದೆ ಮಾಡಿದವರು ಠಾಣೆಯನ್ನು ನೋಡಿಯೇ ಮಾಡಿದರೋ ಏನೋ!

ಸರ್ವೋಚ್ಚ ನ್ಯಾಯಾಲಯ ಇದನ್ನು ಕಾಣದೆ ಇಲ್ಲ. ಬಂಧಿಸಬಹುದಾದ ಗಂಭೀರ ಅಪರಾಧದ ದೂರು ಬಂದರೆ ದಾಖಲಿಸಲೇಬೇಕು ಎಂದು 2013ರಲ್ಲಿ ಲಲಿತಾ ಕುಮಾರಿ ಪ್ರಕರಣದಲ್ಲಿ ಹೇಳಿತು. ಎಫ್‌ಐಆರ್‌ಗಳನ್ನು 24 ಗಂಟೆಯೊಳಗೆ ಪೊಲೀಸರ ಜಾಲತಾಣದಲ್ಲಿ ಹಾಕಬೇಕು ಎಂದು 2016ರ ಸೆಪ್ಟೆಂಬರಿನಲ್ಲಿ ಹೇಳಿತು. ಅತ್ಯಾಚಾರದಂಥ ಸೂಕ್ಷ್ಮ ಪ್ರಕರಣಗಳನ್ನು ಮಾತ್ರ ಹೊರಗಿಟ್ಟಿತು. ಆದರೆ ಜಾಲತಾಣದಲ್ಲಿ ಹುಡುಕಲು ಅಪರಾಧ ಸಂಖ್ಯೆ ಬೇಕು. ಆ ಸಂಖ್ಯೆ ಇರುವುದು ಕೊಡದೆ ಇಟ್ಟುಕೊಂಡ ಕಾಗದದಲ್ಲಿ!

ಇನ್ನು ದಸ್ತಗಿರಿಯ ವಿಷಯ. ಮಗನನ್ನೋ ಗಂಡನನ್ನೋ ಜೀಪಿನಲ್ಲಿ ಕರೆದೊಯ್ದರು ಎಂದು ಯಾರೋ ಬಂದು ಹೇಳುತ್ತಾರೆ. ಯಾವ ಠಾಣೆ, ಯಾವ ಕೇಸು, ಯಾರೂ ಹೇಳುವುದಿಲ್ಲ. ಕುರುಗೋಡಿನವಳು ಅಲ್ಲಿ ಕೇಳಿ, ಬಸ್ಸು ಹತ್ತಿ ಬಳ್ಳಾರಿಗೆ ಬಂದು, ಇಲ್ಲಿ ಠಾಣೆಯಿಂದ ಠಾಣೆಗೆ ತಿರುಗುತ್ತಾಳೆ. ಒಂದು ದಿನದ ಕೂಲಿ ಹೋಯಿತು, ಆಟೋ ಬಾಡಿಗೆ ಹೋಯಿತು. ನಡುವೆ "ನಾನು ಮಾತಾಡಿಸ್ತೀನಿ ಬಾರಮ್ಮ" ಎನ್ನುವ ಪುಢಾರಿಯೊಬ್ಬ ಗಂಟುಬೀಳುತ್ತಾನೆ. ಕಾಗದ ಮುಚ್ಚಿಟ್ಟಷ್ಟೂ ಇಂಥವರ ವ್ಯಾಪಾರ ಜೋರು.

1996ರ ಡಿಸೆಂಬರಿನಲ್ಲೇ ಡಿ.ಕೆ. ಬಸು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು: ಬಂಧಿಸುವಾಗ ಮೆಮೊ ಬರೆಯಬೇಕು, ದಿನ ಮತ್ತು ಗಂಟೆ ನಮೂದಿಸಬೇಕು, ಮನೆಯವರೋ ಊರಿನ ಒಬ್ಬ ಗೃಹಸ್ಥರೋ ಸಾಕ್ಷಿ ಹಾಕಬೇಕು, ಮನೆಗೆ ತಿಳಿಸಬೇಕು. ಈಗ ಇದೆಲ್ಲ ಕಾನೂನಿನೊಳಗೇ ಸೇರಿದೆ. ಹೊಸ ಸಂಹಿತೆಯ 37ನೇ ಕಲಮಿನ ಪ್ರಕಾರ ಪ್ರತಿ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಇದಕ್ಕೆಂದೇ ಒಬ್ಬ ಅಧಿಕಾರಿ ಇರಬೇಕು. ಬಂಧಿತರ ಹೆಸರು, ವಿಳಾಸ, ಆರೋಪ ಎದ್ದು ಕಾಣುವಂತೆ ಹಾಕಿರಬೇಕು. ನಿಮ್ಮೂರಿನ ಠಾಣೆಯಲ್ಲಿ ಆ ಫಲಕ ಎಲ್ಲಿದೆ, ಕೊನೆಯ ಹೆಸರು ಬರೆದದ್ದು ಯಾವಾಗ ಎಂದು ಒಮ್ಮೆ ನೋಡಿ ಬನ್ನಿ.

2024ರ ಆಗಸ್ಟ್ ಕೊನೆಯಲ್ಲಿ ನಟ ದರ್ಶನ್ ಅವರನ್ನು ಬೆಂಗಳೂರಿನಿಂದ ಬಳ್ಳಾರಿ ಜೈಲಿಗೆ ತಂದರಲ್ಲ, ಆಗ ನೆನಪಿದೆಯೇ? ಯಾವ ಕೋಣೆ, ಏನು ಊಟ, ನೋಡಲು ಯಾರು ಬಂದರು, ಎಲ್ಲವೂ ಗಂಟೆಗಂಟೆಗೆ ಟಿವಿಯಲ್ಲಿ ಬಂತು. ಅದೇ ಊರಿನಲ್ಲಿ ಒಬ್ಬ ತಾಯಿ ತನ್ನ ಮಗ ಯಾವ ಠಾಣೆಯಲ್ಲಿದ್ದಾನೆ ಎಂದು ತಿಳಿಯದೆ ಕಟ್ಟೆಯ ಮೇಲೆ ಕೂರಬೇಕೇ? ಸುದ್ದಿ ಹೇಳಲು ಆಗುವುದಿಲ್ಲ ಎಂಬುದು ಸುಳ್ಳು. ಯಾರಿಗೆ ಹೇಳಬೇಕು, ಯಾರಿಗೆ ಬೇಡ ಎಂಬ ಲೆಕ್ಕ ಅದು.

"ಎಲ್ಲ ಬಹಿರಂಗವಾದರೆ ಹೆಣ್ಣುಮಕ್ಕಳ ಮಾನ ಹೋಗುವುದಿಲ್ಲವೇ?" ಎಂದು ಕೇಳುವವರಿದ್ದಾರೆ. ಈ ಭಯ ಸುಳ್ಳಲ್ಲ. ಅಮೆರಿಕದಲ್ಲಿ ಕೌಂಟಿಗೊಬ್ಬ ಶೆರಿಫ್ ಇರುತ್ತಾನೆ. ಅಂಥ ಅನೇಕ ಕಚೇರಿಗಳು ಬಂಧಿತರ ಪಟ್ಟಿಯನ್ನು, ಫೋಟೋ ಸಮೇತ, ಯಾರು ಬೇಕಾದರೂ ನೋಡುವಂತೆ ಇಡುತ್ತವೆ. ಆ ಫೋಟೋಗಳನ್ನು ತಮ್ಮ ಜಾಲತಾಣದಲ್ಲಿ ಹಾಕಿ, ತೆಗೆಯಲು ದುಡ್ಡು ಕೇಳುವ ದಂಧೆಯೂ ಅಲ್ಲಿ ನಡೆದಿದೆ. ಬಂಧನವೆಂದರೆ ಶಿಕ್ಷೆಯಲ್ಲ, ಆರೋಪಿಯೆಂದರೆ ಅಪರಾಧಿಯಲ್ಲ. ಆ ದಂಧೆ ನಮಗೆ ಬೇಡ. ಅತ್ಯಾಚಾರಕ್ಕೆ ಒಳಗಾದವಳ ಗುರುತು ಬಯಲು ಮಾಡಿದವರಿಗೆ ನಮ್ಮಲ್ಲಿ ಎರಡು ವರ್ಷದವರೆಗೆ ಜೈಲಿದೆ, ಇರಲೇಬೇಕು. ಆದರೆ ಊರಿಗೆ ಹೇಳಬಾರದ್ದನ್ನು ಅವಳಿಗೂ ಹೇಳಬಾರದು ಎಂದು ಯಾವ ಕಾನೂನೂ ಹೇಳಿಲ್ಲ. ತನ್ನ ಕೇಸಿನ ಕಾಗದ ಕೇಳಿದವಳಿಗೆ ಮಾನದ ಹೆಸರಿನಲ್ಲಿ ಬಾಗಿಲು ಹಾಕಿದರೆ, ಆ ಬಾಗಿಲು ಕಾಯುವುದು ಅವಳ ಮಾನವನ್ನಲ್ಲ.

"ತನಿಖೆಗೆ ತೊಂದರೆಯಾಗುತ್ತದೆ" ಎಂಬುದು ಇನ್ನೊಂದು ಉತ್ತರ. ಮಾಹಿತಿ ಹಕ್ಕಿನ ಅರ್ಜಿಗೆ ಸಾಮಾನ್ಯವಾಗಿ ಸಿಗುವ ಉತ್ತರವೂ ಇದೇ. 2005ರ ಆ ಕಾಯ್ದೆಯಲ್ಲಿ ಅಂಥ ವಿನಾಯಿತಿ ಇರುವುದು ನಿಜ. ಆದರೆ ತನಿಖೆ ನಡೆಯುತ್ತಿದೆ ಎಂದರಷ್ಟೇ ಸಾಲದು, ಮಾಹಿತಿ ಕೊಟ್ಟರೆ ಅದಕ್ಕೆ ಹೇಗೆ ಅಡ್ಡಿಯಾಗುತ್ತದೆ ಎಂದು ತೋರಿಸಬೇಕು ಎಂದು ದೆಹಲಿ ಹೈಕೋರ್ಟು 2007ರಲ್ಲೇ ಭಗತ್ ಸಿಂಗ್ ಎಂಬವರ ಪ್ರಕರಣದಲ್ಲಿ ಹೇಳಿದೆ. ಸಿಬ್ಬಂದಿ ಕಡಿಮೆ, ಕೆಲಸ ಜಾಸ್ತಿ ಎನ್ನುತ್ತಾರೆ. ಬಂದೋಬಸ್ತಿಗೆ ಹಗಲು ರಾತ್ರಿ ನಿಲ್ಲುವ ಪೇದೆಗಳ ಕಷ್ಟ ನನಗೂ ಗೊತ್ತು. ಆದರೆ ಒಬ್ಬಳನ್ನು ಮೂರು ಸಲ ತಿರುಗಿಸುವ ಹೊತ್ತಿನಲ್ಲಿ ಒಂದು ಪ್ರತಿ ತೆಗೆದುಕೊಡಬಹುದಲ್ಲ?

ಆದ್ದರಿಂದ ಗೆಳತಿಯರೇ, ಕೇಳುವುದನ್ನು ರೂಢಿ ಮಾಡಿಕೊಳ್ಳೋಣ. ದೂರನ್ನು ಎರಡು ಪ್ರತಿ ಬರೆಯಿರಿ, ಒಂದರ ಮೇಲೆ ಠಾಣೆಯ ಸೀಲು, ತಾರೀಖು ಹಾಕಿಸಿಕೊಳ್ಳಿ. ಹಿಂಬರಹ ಕೊಟ್ಟರೆ "ಅಪರಾಧ ಸಂಖ್ಯೆ ಎಷ್ಟು?" ಎಂದು ಕೇಳಿ. ಮೂರು ವರ್ಷದಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನ ಪ್ರಾಥಮಿಕ ವಿಚಾರಣೆ ಮಾಡಲು ಹೊಸ ಕಾನೂನು ಅವಕಾಶ ಕೊಟ್ಟಿದೆ. ಹಾಗೆಂದರೆ ಅನುಮತಿ ಎಲ್ಲಿ, 14ನೇ ದಿನ ಯಾವುದು ಎಂದು ಕೇಳಿ. ದಾಖಲಿಸದಿದ್ದರೆ ಬಳ್ಳಾರಿಯ ಎಸ್‌ಪಿ ಅವರಿಗೆ ಅಂಚೆಯಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ. ಅದಕ್ಕೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಕೋರ್ಟು ಇದೆ. ಅತ್ಯಾಚಾರ, ಆ್ಯಸಿಡ್ ದಾಳಿಯಂಥ ದೂರನ್ನು ಬರೆದುಕೊಳ್ಳದ ಅಧಿಕಾರಿಗೇ ಆರು ತಿಂಗಳಿಂದ ಎರಡು ವರ್ಷದವರೆಗೆ ಕಠಿಣ ಶಿಕ್ಷೆಯುಂಟು. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ದೂರುದಾರಳಿಗೆ ಅವರೇ ತಿಳಿಸಬೇಕು. ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಕಾರಣ ಹೇಳಬೇಕಿಲ್ಲ, ಉತ್ತರಕ್ಕೆ 30 ದಿನ. ಜೀವ ಅಥವಾ ಸ್ವಾತಂತ್ರ್ಯದ ಪ್ರಶ್ನೆಯಾದರೆ 48 ಗಂಟೆ.

ಒಬ್ಬರೇ ಹೋಗಲು ಅಳುಕಾದರೆ ಇಬ್ಬರು ಹೋಗಿ. ರೇಷನ್ ಕಾರ್ಡಿಗೆ, ಸಂಘದ ಸಾಲಕ್ಕೆ, ಪಹಣಿಗೆ ಕಚೇರಿ ಕಚೇರಿ ಅಲೆದು ಕಾಗದ ತಂದವರು ನಾವು. ತಾಲ್ಲೂಕು ಕಚೇರಿಯಲ್ಲಿ ಕೇಳಿದ ದನಿ ಠಾಣೆಯಲ್ಲಿ ಏಕೆ ಅಡಗಬೇಕು? ಅಲ್ಲಿ ಬರೆದಿಟ್ಟಿರುವುದು ನಮ್ಮದೇ ನೋವು, ನಮ್ಮದೇ ಮಕ್ಕಳ ಹೆಸರು. ಅದರ ಒಂದು ಪ್ರತಿ ಕೇಳುವುದು ಬೇಡುವುದಲ್ಲ.